ಕುರಿ ಬಾಯಿ ಮುಟ್ಟದ ಹುಲ್ಲು

ಮಾರ್ಚ್ ಇಪ್ಪತ್ತನಾಲ್ಕು, ಮಂಗಳವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಸ್ಥಳದಲ್ಲಿ ಇದ್ದವರು: ನಾನು, ನನ್ನ ನಾದಿನಿ ನೀಲವ್ವ, ಪಕ್ಕದ ಮನೆಯ ಯಲ್ಲವ್ವ, ಅವಳ ದೊಡ್ಡಿಯಲ್ಲಿ ಇನ್ನೂ ಹಾಲು ಬಿಡದ ಇಪ್ಪತ್ತೇಳು ಕುರಿಮರಿಗಳು. ನಾನು ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಏನೇ ನಡೆದರೂ ಮೊದಲು ಹೊತ್ತು, ಆಮೇಲೆ ಹೆಸರು, ಆಮೇಲೆ ಸಂಗತಿ ಬರೆಯುವುದು ಕೈಗೆ ಅಂಟಿದ ರೂಢಿ.

ಸಂಗತಿ ಇದು: ಗುಡ್ಡದಿಂದ ಕೋತಿಗಳು ಇಳಿದು ಬಂದವು.

ಬಾದಾಮಿ ಸೀಮೆಯಲ್ಲಿ ಕೋತಿ ಕಂಡು ಯಾರೂ ಗಾಬರಿಯಾಗುವುದಿಲ್ಲ. ಇಲ್ಲಿಗೆ ಬಂದ ಮೂರು ವರ್ಷದಲ್ಲಿ ಅವುಗಳ ಡ್ಯೂಟಿ ಹೊತ್ತು ನನಗೂ ಗೊತ್ತಾಗಿದೆ. ಬೆಳಿಗ್ಗೆ ಎಂಟಕ್ಕೆ ಒಂದು ಸುತ್ತು, ಸಂಜೆ ಐದಕ್ಕೆ ಇನ್ನೊಂದು. ಅದಕ್ಕೆಂದೇ ಬಾಗಿಲ ಪಕ್ಕದಲ್ಲಿ ಒಂದು ಕೋಲು ಇಟ್ಟಿದ್ದೇನೆ. ಆ ದಿನ ಅವು ಹೊತ್ತಲ್ಲದ ಹೊತ್ತಿನಲ್ಲಿ ಬಂದವು, ಮರಿಗಳನ್ನು ಹೊಟ್ಟೆಗೆ ಅವುಚಿಕೊಂಡು. ನೀಲವ್ವ ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆಯನ್ನು ತುಳಿದುಕೊಂಡೇ ಓಡಿದವು. ಒಂದು ಕೋತಿಯೂ ಒಂದು ಸಂಡಿಗೆಯನ್ನು ಬಾಯಿಗೆ ಹಾಕಲಿಲ್ಲ. ಓಣಿ ದಾಟಿ, ಕೆಳಗಿನ ಹೊಲ ದಾಟಿ ಹೊಳೆಯ ದಿಕ್ಕಿಗೆ ಹೋದವು. ನಾನು ಕೋಲು ಹಿಡಿದು ನಿಂತೇ ಇದ್ದೆ. ನೀಲವ್ವ ಸಂಡಿಗೆಯ ಚಿಂತೆ ಬಿಟ್ಟು ಹಿತ್ತಲ ಕಡೆ ತಿರುಗಿದ್ದಳು.

"ವೈನಿ, ಕೋಲು ಬಿಡ್ರಿ. ಗುಡ್ಡ ನೋಡ್ರಿ," ಎಂದಳು.

ಗುಡ್ಡದ ನೆತ್ತಿಯ ಹಿಂದಿನಿಂದ ಕಂದು ಬಣ್ಣದ ಹೊಗೆ ಏಳುತ್ತಿತ್ತು. ಮೋಡದ ಹಾಗೆ ತೇಲುತ್ತಿರಲಿಲ್ಲ. ಯಾರೋ ಒಳಗಿನಿಂದ ನೂಕುತ್ತಿದ್ದ ಹಾಗೆ ಮೇಲೆ ಬರುತ್ತಿತ್ತು.

ನಮ್ಮ ಮಂಡ್ಯದ ಕಡೆಯವರಿಗೆ ಇದನ್ನು ಹೇಗೆ ತಿಳಿಸಲಿ? ನಮ್ಮ ನಾಲೆ ಬಯಲಿನಲ್ಲಿ ಬೆಂಕಿಯೆಂದರೆ ಕಬ್ಬಿನ ತರಗು ಸುಡುವುದು. ನಾಲ್ಕು ಕಡೆ ನೀರು, ನಡುವೆ ಬೆಂಕಿ, ಬದುವಿನ ಮೇಲೆ ಬೀಡಿ ಸೇದುತ್ತ ಕಾಯುವ ಮನುಷ್ಯ. ಅಲ್ಲಿ ಬೆಂಕಿಗೆ ಒಬ್ಬ ಯಜಮಾನ ಇರುತ್ತಾನೆ. ಇಲ್ಲಿ ಗುಡ್ಡಕ್ಕೆ ಹತ್ತಿದ ಬೆಂಕಿಗೆ ಯಜಮಾನನೇ ಇಲ್ಲ. ಯಾರು ಹಚ್ಚಿದರು, ಬೀಡಿಯ ತುಂಡೋ, ಹೊಸ ಹುಲ್ಲು ಚಿಗುರಲೆಂದು ಯಾರೋ ಮಾಡಿದ ಕೆಲಸವೋ, ಇವತ್ತಿಗೂ ಗೊತ್ತಾಗಿಲ್ಲ.

ನಾನು ಇಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನನ್ನ ಯಜಮಾನರು ಹುಟ್ಟಿದ್ದು ಇದೇ ಮನೆಯಲ್ಲಿ, ಬಾದಾಮಿಯಿಂದ ಶಿವಯೋಗ ಮಂದಿರದ ಕಡೆ ಹೋಗುವಾಗ ಗುಡ್ಡದ ಬುಡಕ್ಕೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ. ದುಡಿದದ್ದು, ತೀರಿಕೊಂಡದ್ದು ಮಂಡ್ಯದಲ್ಲಿ. ನಮಗೆ ಮಕ್ಕಳಿಲ್ಲ. ಅವರು ಹೋದ ಮರುವರ್ಷ ನಾವಿದ್ದ ಬಾಡಿಗೆ ಮನೆಯನ್ನು ಮಾಲೀಕರು ಮಾರಿದರು. ಆಗ ನೀಲವ್ವ ಫೋನು ಮಾಡಿ, "ವೈನಿ, ನಿಮ್ಮ ಮನಿ ಇಲ್ಲಿ ಐತಿ, ನೀವ್ಯಾಕ ಬಾಡಗಿ ಮನಿ ಹುಡುಕ್ತೀರಿ?" ಎಂದಳು. ಅವಳೂ ಒಬ್ಬಳೇ. ನಾನು ಎರಡು ಟ್ರಂಕು, ಒಂದು ಗಡಿಯಾರ, ರಾಗಿಹಿಟ್ಟಿನ ಡಬ್ಬಿ ತೆಗೆದುಕೊಂಡು ಬಂದೆ. ಅರವತ್ತಾರನೆಯ ವಯಸ್ಸಿನಲ್ಲಿ.

ಬಂದ ಮೊದಲ ವಾರ ಅಂಗಡಿಗೆ ಹೋಗಿ "ಮೊಸರು ಇದೆಯೇ?" ಎಂದು ಕೇಳಿದರೆ ಅಂಗಡಿಯವನು ಎದ್ದು ನಿಂತ. ನಮ್ಮ ಕಡೆಯ ಮಾತು ಇವರ ಕಿವಿಗೆ ಕಚೇರಿಯ ಮಾತಿನ ಹಾಗೆ ಕೇಳಿಸುತ್ತದೆ. ಏನು ಕೇಳಿದರೂ ತಪಾಸಣೆಗೆ ಬಂದವರಿಗೆ ಕೊಡುವಂಥ ಉತ್ತರ ಸಿಗುತ್ತಿತ್ತು. ಮುದ್ದೆ ಮಾಡಿದರೆ ನೀಲವ್ವ ನುಂಗಲಾರದೆ ತಟ್ಟೆ ನೋಡುತ್ತ ಕೂರುತ್ತಿದ್ದಳು; ನನ್ನ ಕೈಯ ಜೋಳದ ರೊಟ್ಟಿ ಎಂಟು ತಿಂಗಳು ಹರಿದುಹೋಯಿತು. ಒಂಬತ್ತನೆಯ ತಿಂಗಳು ಒಂದು ರೊಟ್ಟಿ ದುಂಡಗೆ ಬಂದು ಹೆಂಚಿನ ಮೇಲೆ ಉಬ್ಬಿತು. ನೀಲವ್ವ ಅದನ್ನು ತಿನ್ನಲಿಲ್ಲ. ಪಕ್ಕದ ಯಲ್ಲವ್ವನಿಗೆ ತೋರಿಸಲು ಒಯ್ದಳು.

ಯಲ್ಲವ್ವ ಮತ್ತು ಅವಳ ಗಂಡ ಕಲ್ಲಪ್ಪ, ಬೀರಪ್ಪ ದೇವರ ಒಕ್ಕಲು, ಕುರಿ ಸಾಕುವವರು. ಕಲ್ಲಪ್ಪನ ತಾಯಿಯ ಕಾಲಿನ ಹಳೆಯ ಗಾಯವನ್ನು ನಾನು ಎರಡು ತಿಂಗಳು ದಿನಾ ತೊಳೆದು ಕಟ್ಟಿದೆ. ಅಲ್ಲಿಂದ ನಾನು ಓಣಿಗೆಲ್ಲ "ನರ್ಸಬಾಯಾರು" ಆದೆ.

ಈಗ ನನ್ನ ತಪ್ಪಿನ ವಿಷಯ.

ನಮ್ಮದು ಓಣಿಯ ಕೊನೆಯ ಮನೆ. ಹಿತ್ತಲ ಗೋಡೆಯಿಂದ ಗುಡ್ಡದ ದೊಡ್ಡ ಬಂಡೆಗಳವರೆಗೆ ನಲವತ್ತು ಹೆಜ್ಜೆ ಇಳಿಜಾರು, ಅದು ನಮ್ಮ ಮನೆಗೇ ಸೇರಿದ್ದು. ಅದರ ಎಡ ಅಂಚಿಗೆ ಯಲ್ಲವ್ವನ ದೊಡ್ಡಿ, ಜೋಳದ ಒಣದಂಟಿನ ಕಣಿಕೆ ಹೊದಿಸಿದ ಚಪ್ಪರ. ದೊಡ್ಡ ಕುರಿಗಳು ಮೇಯಲು ಹೋದಾಗ ಮರಿಗಳು ಅಲ್ಲಿರುತ್ತವೆ. ಇಲ್ಲಿ ಒಂದು ಪದ್ಧತಿ ಇದೆ. ಸುಗ್ಗಿ ಮುಗಿಯುವ ಹೊತ್ತಿಗೆ ಕುರಿಗಾರರು ಗುಡ್ಡದ ಬುಡದ ಉದ್ದಕ್ಕೂ, ಒಂದೊಂದು ಮನೆಯ ಹಿಂದೆ ಎರಡು ಮೂರು ದಿನ, ಹಿಂಡು ತರುಬಿ ಮೇಯಿಸುತ್ತಾರೆ. ಕುರಿಗಳು ಹುಲ್ಲನ್ನು ನೆಲಕ್ಕೆ ಸಮ ಮಾಡುತ್ತವೆ. ಆ ಮನೆಯವರು ಕುರಿಗಾರನಿಗೆ ಊಟ ಕೊಡುತ್ತಾರೆ. ಮೊದಲೆರಡು ವರ್ಷ ನಾನೇ ಬಡಿಸಿದ್ದೆ, ಆದರೆ ಏತಕ್ಕೆ ಎಂದು ಕೇಳಿರಲಿಲ್ಲ. ಕುರಿಗೆ ಮೇವು ಸಿಗುತ್ತದೆ, ಅಷ್ಟೇ ಎಂದುಕೊಂಡಿದ್ದೆ. ನನಗೆ ಕಂಡದ್ದು ಹಿಕ್ಕೆ, ನೊಣ, ಮುರಿದ ಕರಿಬೇವಿನ ಸಸಿ.

ಈ ವರ್ಷ ನಾನು ಆ ಜಾಗಕ್ಕೆ ಗುಡ್ಡದ ಕಡೆ ಜಾಲಿಮುಳ್ಳು ಒಟ್ಟಿಸಿ, ಎಡಬಲಕ್ಕೆ ಎದೆಯೆತ್ತರದ ತಂತಿ ಬಿಗಿಸಿದೆ. ಕಲ್ಲಪ್ಪ ಹಿಂಡು ಹೊಡೆದುಕೊಂಡು ಬಂದವನು ಬೇಲಿಯ ಆಚೆ ನಿಂತ.

"ಬಾಯಾರ, ಇಷ್ಟ ಜಾಗಾ ಒಂದ ಬಿಟ್ರ ಹೆಂಗ್ರಿ? ಕುರಿ ಬಾಯಿ ಮುಟ್ಟದ ಹುಲ್ಲು ಬ್ಯಾಸಗ್ಯಾಗ ಚಲೋ ಅಲ್ರಿ."

"ಇಲ್ಲಿ ತರಕಾರಿ ಹಾಕುತ್ತೇನೆ ಕಲ್ಲಪ್ಪ. ಸ್ವಚ್ಛವಾಗಿರಬೇಕು. ಇನ್ನು ಮುಂದೆ ಈ ಕಡೆ ಕುರಿ ಬರುವುದು ಬೇಡ," ಎಂದೆ.

ಅವನು ಹೆಗಲ ಕಂಬಳಿ ಸರಿಮಾಡಿಕೊಂಡ. "ಆತ್ರಿ," ಎಂದು ಹಿಂಡು ತಿರುಗಿಸಿದ. ನೀಲವ್ವ ಅಡುಗೆಮನೆಯ ಕಿಟಕಿಯಿಂದ ನೋಡಿ ರೊಟ್ಟಿ ಬಡಿಯಲು ತಿರುಗಿದಳು. ತರಕಾರಿ ಮೂರು ಸಾಲಿಗಿಂತ ಮುಂದೆ ಹೋಗಲಿಲ್ಲ, ನೀರು ಸಾಲಲಿಲ್ಲ. ಉಳಿದ ನೆಲದಲ್ಲಿ ಮಳೆಗಾಲದಲ್ಲಿ ಸೊಂಟದವರೆಗೆ ಬೆಳೆದಿದ್ದ ಹುಲ್ಲು ಒಣಗಿ, ಬೆಳ್ಳಗಾಗಿ ನಿಂತಿತು. ಇದಕ್ಕೆ ಇಲ್ಲಿ ಕರಡ ಎನ್ನುತ್ತಾರೆ. ಸಂಜೆ ಬಿಸಿಲಿಗೆ ಅದು ತೂಗುವುದು ಕಂಡಾಗ ನನಗೆ ಭತ್ತದ ಗದ್ದೆ ನೆನಪಾಗುತ್ತಿತ್ತು. ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೆ.

ಮಾರ್ಚ್ ಇಪ್ಪತ್ತನಾಲ್ಕರ ಮಧ್ಯಾಹ್ನ ಗುಡ್ಡದ ಬುಡದಲ್ಲಿ ಅಷ್ಟುದ್ದಕ್ಕೂ ಬೋಳು ನೆಲ. ನಮ್ಮ ಮನೆಯ ಹಿಂದೆ ಮಾತ್ರ ಸೊಂಟದೆತ್ತರದ ಕರಡ.

ಮೂರೂ ಹದಿನೈದಕ್ಕೆ ಅಗ್ನಿಶಾಮಕದವರಿಗೆ ಫೋನು ಮಾಡಿದೆ. ಹೊರಟಿದ್ದೇವೆ, ನಲವತ್ತು ನಿಮಿಷ ಬೇಕು, ಮನೆ ಬಿಟ್ಟು ಹೊರಗಿರಿ ಎಂದರು. ಬಾಗಿಲ ಹತ್ತಿರ ನನ್ನ ಚೀಲ ಸಿದ್ಧವಾಗಿಯೇ ಇರುತ್ತದೆ: ಕಾಗದಪತ್ರ, ಮಾತ್ರೆ, ಒಂದು ಜೊತೆ ಬಟ್ಟೆ, ಟಾರ್ಚು. ಅದನ್ನು ಕೈಗೆತ್ತಿಕೊಂಡೆ. ಆಗ ದೊಡ್ಡಿಯ ಕಡೆಯಿಂದ ಯಲ್ಲವ್ವನ ದನಿ ಕೇಳಿತು. ಕಿವಿಯಲ್ಲಿ ಫೋನು ಇಟ್ಟುಕೊಂಡು ಗಂಡನಿಗೆ ಕೂಗುತ್ತಿದ್ದಳು: "ಹೊಳಿ ದಂಡಿಗೆ ಕುಂತು ಏನ್ ಮಾಡ್ತೀ? ಗುಡ್ಡ ಉರಿಯಾಕತ್ತೈತಿ! ಹಿಂಡು ಅಲ್ಲೇ ಯಾರಿಗ್ಯರ ಒಪ್ಪಿಸಿ ಬಾ!"

ಆ ಇಪ್ಪತ್ತೇಳು ಮರಿಗಳೆಂದರೆ ಅವರ ಒಂದು ವರ್ಷ. ಮಗಳ ಓದು, ಮುದುಕಿಯ ಔಷಧಿ, ಮಳೆಗಾಲದ ಹೊಟ್ಟೆ, ಎಲ್ಲ ಅವುಗಳ ಮೇಲೆ. ಇನ್ನೂ ಕಾಲು ಗಟ್ಟಿಯಿಲ್ಲದ ಮರಿಗಳು ಹೊಗೆಯಲ್ಲಿ ನಡೆಯುವುದಿಲ್ಲ, ಒಂದರ ಮೇಲೊಂದು ಬಿದ್ದು ಮೂಲೆ ಸೇರುತ್ತವೆ. ಎತ್ತಿಕೊಂಡೇ ಸಾಗಿಸಬೇಕು. ಹತ್ತಿರದ ಕಲ್ಲಿನ ಗೋಡೆಯ ಮನೆಯೆಂದರೆ ನಮ್ಮದು.

ನನ್ನ ಮನೆಯೊಳಗೆ ಚಪ್ಪಲಿಯೂ ಬರುವುದಿಲ್ಲ. "ಒಳಗೇ ಹಾಕು," ಎಂದು ಕೂಗಿದೆ.

ಆದರೆ ನಡುವೆ ನನ್ನ ತಂತಿಬೇಲಿ. ಮೊದಲಾಗಿದ್ದರೆ ಹತ್ತು ಹೆಜ್ಜೆ. ಈಗ ಯಲ್ಲವ್ವ ಒಂದೊಂದು ಮರಿಯನ್ನು ಎದೆಯ ಮೇಲಕ್ಕೆ ಎತ್ತಿ ಬೇಲಿಯಾಚೆಯಿಂದ ಚಾಚಬೇಕು, ನೀಲವ್ವ ಕೈಯೆತ್ತಿ ಇಸಿದುಕೊಳ್ಳಬೇಕು, ನಾನು ಒಳಗೆ ಒಯ್ದು ಬಿಡಬೇಕು.

"ಭಾಳ ಬಿಗಿ ಕಟ್ಟಿಸೀರಿ ವೈನಿ ಬೇಲಿ," ಎಂದಳು ನೀಲವ್ವ, ಏದುಸಿರಿನ ನಡುವೆ. "ಕಳ್ಳರಿಗೆ ಅಂಜಿ ಕಟ್ಟಿಸಿದ್ರೋ, ಕುರಿಗೆ ಅಂಜಿ ಕಟ್ಟಿಸಿದ್ರೋ?"

"ಬೈಯೂದು ಆಮ್ಯಾಲ ಬೈರಿ ಅಕ್ಕಾ, ಇದನ್ನ ಹಿಡೀರಿ!" ಎಂದಳು ಯಲ್ಲವ್ವ.

ನಾನು ಆ ಮರಿಯನ್ನು ಒಳಗೆ ಬಿಟ್ಟು ಬಂದೆ. ಗುಡ್ಡದ ನೆತ್ತಿಯಲ್ಲಿ ಈಗ ಬೆಂಕಿಯೇ ಕಾಣುತ್ತಿತ್ತು. ದೂರದಿಂದ ಮೊದಲು ಅದು ಸದ್ದಿಲ್ಲದ ಕೆಂಪು ಅಂಚು. ಆಮೇಲೆ ಸದ್ದು ಬಂತು, ಒಣ ಸೀರೆ ಹರಿದ ಹಾಗೆ, ನಿಲ್ಲದೆ. ಕಳ್ಳಿಯ ಪೊದೆಗಳು ಒಡೆದು ಠಪ್ ಠಪ್ ಎನ್ನುತ್ತಿದ್ದವು. ಬೆಂಕಿ ಇಳಿಜಾರಿನಲ್ಲಿ ನಿಧಾನವಾಗಿ ಇಳಿಯುತ್ತದೆ ಎಂದು ನಾನು ನಂಬಿದ್ದೆ. ಅದು ಇಳಿಯಲಿಲ್ಲ, ಬಿತ್ತು. ಬಂಡೆಯ ಸಂದಿನಲ್ಲಿ ಬೆಳೆದ ಹುಲ್ಲಿನ ಬುಡಗಳು ಸುಟ್ಟು, ಉರಿಯುವ ಉಂಡೆಗಳಾಗಿ ಕೆಳಗೆ ಉರುಳುತ್ತಿದ್ದವು. ಉಂಡೆಯೊಂದು ಬಿದ್ದ ಕಡೆಯೆಲ್ಲ ಹೊಸ ಬೆಂಕಿ. ಒಂದು ಮೊಲ ನನ್ನ ಎರಡು ಪಾದಗಳ ನಡುವೆಯೇ ಓಡಿತು. ಆಸ್ಪತ್ರೆಯಲ್ಲಿ ಎಷ್ಟೋ ಸಾವು ನೋಡಿದ್ದೇನೆ. ಅಲ್ಲಿ ಹೆದರಿಕೆ ಹಾಸಿಗೆಯ ಮೇಲಿದ್ದವರದಾಗಿತ್ತು. ಇಲ್ಲಿ ಅದು ನನ್ನದೇ. ಮರಿಯೊಂದನ್ನು ಎತ್ತಿಕೊಂಡಾಗ ಯಾರ ಎದೆ ಹೊಡೆದುಕೊಳ್ಳುತ್ತಿದೆ, ಅದರದೋ ನನ್ನದೋ, ತಿಳಿಯಲಿಲ್ಲ.

ಹದಿನಾಲ್ಕು ಮರಿಗಳು ಒಳಗೆ ಬಂದಿದ್ದವು. ಮೂರೂ ನಲವತ್ತಕ್ಕೆ ಕಲ್ಲಪ್ಪನ ಮೋಟರ್‌ಸೈಕಲ್ ಓಣಿಗೆ ಬಂತು. ಹಿಂದೆಯೇ ಓಣಿಯ ಏಳೆಂಟು ಜನ, ಕೈಯಲ್ಲಿ ಹಸಿ ಬೇವಿನ ಟೊಂಗೆ, ನೀರಲ್ಲಿ ಅದ್ದಿದ ಗೋಣಿಚೀಲ. ಕಲ್ಲಪ್ಪ ಬೆಂಕಿ ನೋಡಿದ, ಕರಡ ನೋಡಿದ. ಬಾಗಿ ಒಂದು ಹಿಡಿ ಮಣ್ಣೆತ್ತಿ ಗಾಳಿಗೆ ಬಿಟ್ಟ. ಮಣ್ಣು ಗುಡ್ಡದ ಕಡೆ ಹೋಯಿತು. ಆಮೇಲೆ ನನ್ನ ಹತ್ತಿರ ಬಂದ.

"ಬಾಯಾರ, ಅದು ನಿಮ್ಮ ಮುಳ್ಳಬೇಲಿಗೆ ಬರಾಕ ಇನ್ನ ಐದ ಮಿನಿಟ. ಕರಡಕ್ಕ ಹತ್ತಿದ್ರ ದೊಡ್ಡೀನೂ ಇಲ್ಲ, ನಿಮ್ಮನೀನೂ ಇಲ್ಲ, ಓಣೀನೂ ಹೋಗತೈತಿ. ನಾವ ಮೊದಲ ಇತ್ತಾಗಿಂದ ಹಚ್ಚಬೇಕು."

"ಏನು ಹಚ್ಚಬೇಕು?"

"ಎದುರ ಬೆಂಕಿರಿ. ನಿಮ್ಮ ಗ್ವಾಡಿ ಕಡಿಂದ ಹಚ್ಚಿ ಅದಕ್ಕ ಎದುರ ಬಿಡೂದು. ದೊಡ್ಡ ಬೆಂಕಿ ಗಾಳಿ ಜಗ್ಗಾಕತ್ತೈತಿ, ಇದನ್ನೂ ಜಗ್ಗಿಕೊಳ್ಳತೈತಿ. ಎರಡೂ ಕೂಡಿದಲ್ಲಿ ತಿನ್ನಾಕ ಏನೂ ಉಳಿಯೂದಿಲ್ಲ."

"ಗಾಳಿ ತಿರುಗಿದರೆ?"

ಕಲ್ಲಪ್ಪ ಸುಳ್ಳು ಹೇಳಲಿಲ್ಲ. "ತಿರುಗಿದ್ರ ಮೊದಲ ನಿಮ್ಮನಿ, ಆಮ್ಯಾಲ ನನ್ನ ಮರಿ," ಎಂದ. "ಜಾಗಾ ನಿಮ್ಮದು. ನೀವು ಹೂಂ ಅನ್ರಿ."

ಇಂಥ ಹೊತ್ತಿನಲ್ಲೂ ಅವನು ನನ್ನ ಅಪ್ಪಣೆ ಕಾಯುತ್ತ ನಿಂತಿದ್ದ. ಯಲ್ಲವ್ವ ದೊಡ್ಡಿಯೊಳಗೆ, ಹದಿಮೂರು ಮರಿಗಳ ನಡುವೆ. ನನ್ನ ಗೋಡೆಯಿಂದ ಐದು ಹೆಜ್ಜೆಯಲ್ಲಿ ನಾನೇ ಬೆಂಕಿ ಹಚ್ಚಿಸಬೇಕು. ನನ್ನ ಗಂಡ ಹುಟ್ಟಿದ ಕೋಣೆಯ ಗೋಡೆ ಅದು. ಬೇಡ ಎನ್ನಲು ನಾಲಿಗೆ ಎದ್ದಿತ್ತು.

"ಹೂಂ," ಎಂದೆ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಜೋರಾಗಿ, "ಹೂಂ, ಹಚ್ಚು," ಎಂದೆ.

ಕಲ್ಲಪ್ಪ ಕಡ್ಡಿ ಗೀರಿದ. ಗಾಳಿಗೆ ಆರಿತು. ಎರಡನೆಯದೂ ಆರಿತು. ಅಷ್ಟರಲ್ಲಿ ನೀಲವ್ವ ಒಳಗಿನಿಂದ ಬಂದಳು, ಹೆಂಚಿನ ಚೂರಿನ ಮೇಲೆ ಕೆಂಡ, ಅದರ ಮೇಲೆ ಹೊಗೆಯಾಡುವ ಸಗಣಿ ಕುಳ್ಳಿನ ತುಂಡು. ರೊಟ್ಟಿಗೆಂದು ಅವಳು ಉಳಿಸಿಕೊಂಡಿರುವ ಕಟ್ಟಿಗೆ ಒಲೆಯದು. ಮಧ್ಯಾಹ್ನದ ಕೆಂಡವನ್ನು ಸಂಜೆಯವರೆಗೆ ಬೂದಿಯಲ್ಲಿ ಮುಚ್ಚಿಡುತ್ತಾಳೆ. ಹೊಗೆಯಾಗುತ್ತದೆ, ಆ ಒಲೆ ಕಿತ್ತು ಹಾಕೋಣ ಎಂದು ಮೂರು ವರ್ಷದಿಂದ ಅವಳ ಹಿಂದೆ ಬಿದ್ದವಳು ನಾನು.

"ಎದುರ ಬೆಂಕಿಗೆ ಮನೀ ಒಲಿ ಕೆಂಡನ ಕೊಡಬೇಕು," ಎಂದು ಹೆಂಚನ್ನು ನನ್ನ ಕೈಗೆ ಕೊಟ್ಟಳು. "ನಮ್ಮಪ್ಪ ಹಂಗ ಮಾಡತಿದ್ದ. ನೀವ ಕೊಡ್ರಿ ವೈನಿ."

ಕುಳ್ಳಿನ ತುಂಡನ್ನು ನಾನೇ ಕಲ್ಲಪ್ಪನಿಗೆ ಕೊಟ್ಟೆ. ಅವನು ಕರಡದ ಅಂಚಿನಲ್ಲಿ ಬಾಗಿ ಓಡುತ್ತ ಗೆರೆ ಎಳೆದ. ಗೆರೆ ಎದ್ದು ನಿಂತಿತು. ಓಣಿಯವರು ಗೋಡೆಯ ಕಡೆ ಚಾಚಿದ ನಾಲಿಗೆಗಳನ್ನು ಟೊಂಗೆಯಿಂದ ಬಡಿಯುತ್ತಿದ್ದರು. ಗೋಡೆಯ ಪಕ್ಕದಲ್ಲಿ ನೀಲವ್ವ ಮತ್ತೆ ಬೇಲಿಯ ಮೇಲಿಂದ ಉಳಿದ ಮರಿಗಳನ್ನು ಇಸಿದುಕೊಂಡು ಒಳಗೆ ಬಿಡತೊಡಗಿದಳು. ಬೆಂಕಿ ಒಂದು ಕ್ಷಣ ಎಲ್ಲಿ ಹೋಗಲಿ ಎಂದು ಯೋಚಿಸುವಂತೆ ನೆಟ್ಟಗೆ ನಿಂತಿತು. ಆ ಕ್ಷಣವನ್ನು ನಾನು ಯಾವ ಗಡಿಯಾರದಲ್ಲೂ ಅಳೆಯಲಾರೆ. ಆಮೇಲೆ ಗುಡ್ಡದ ಕಡೆ ಬಗ್ಗಿತು.

ಎರಡು ಬೆಂಕಿಗಳು ಮುಳ್ಳುಬೇಲಿಯ ಹತ್ತಿರ ಕೂಡಿದಾಗ ಮನೆಗಿಂತ ಎತ್ತರಕ್ಕೆ ಎದ್ದವು. ಆ ಝಳಕ್ಕೆ ನನ್ನ ಹುಬ್ಬು ಕರಕಾಯಿತು. ಒಂದು ಕಿಡಿ ಹಾರಿ ದೊಡ್ಡಿಯ ಚಪ್ಪರದ ಮೇಲೆ ಕೂತಿತು. "ಯಲ್ಲೀ, ಹೊರಗ ಬಾ!" ಎಂದು ಕಲ್ಲಪ್ಪ ಕೂಗಿದ. ಅವಳು ಬಂದಳು, ಮರಿಯೊಂದನ್ನು ಬೇಲಿಯ ಮೇಲಿಂದ ನೀಲವ್ವನ ಮಡಿಲಿಗೆ ಎಸೆದೇಬಿಟ್ಟಳು. "ಇನ್ನೊಂದೈತಿ," ಎಂದವಳೇ ಮತ್ತೆ ಒಳಗೆ ಹೋದಳು.

ಚಪ್ಪರದ ಮೂಲೆ ಕುಸಿಯಿತು. ಕಲ್ಲಪ್ಪ ಗೋಣಿಚೀಲ ಹೊದ್ದುಕೊಂಡು ನುಗ್ಗುವಷ್ಟರಲ್ಲಿ ಅವಳೇ ಹೊರಬಂದಳು, ಸೆರಗಿನಲ್ಲಿ ಸುತ್ತಿದ ಮರಿಯನ್ನು ಹೊಟ್ಟೆಗೆ ಅವುಚಿಕೊಂಡು. ಎಡಗೈ ಮೊಣಕೈವರೆಗೆ ಸುಟ್ಟಿತ್ತು.

ಮೂರೂ ಐವತ್ತೈದಕ್ಕೆ ಅಗ್ನಿಶಾಮಕದ ಗಾಡಿ ಬಂತು, ಹೇಳಿದ ಹೊತ್ತಿಗೆ ಸರಿಯಾಗಿ. ಅವರು ಚಪ್ಪರ ಆರಿಸಿದರು, ಬಂಡೆಗಳ ಸಂದಿಗೆ ನೀರು ಹೊಡೆದರು, ಐದೂವರೆಯವರೆಗೆ ನಿಂತು ಕಿಡಿ ಹುಡುಕಿದರು. ನಮ್ಮ ಗೋಡೆ ಕಪ್ಪಾಗಿತ್ತು. ಗೋಡೆಯ ಆಚೆ ಏನೂ ಇರಲಿಲ್ಲ.

ನಾನು ಯಲ್ಲವ್ವನ ಕೈಯನ್ನು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಹಿಡಿದೆ, ಗಡಿಯಾರ ನೋಡಿಕೊಂಡು. ಸಡಿಲವಾಗಿ ಬಟ್ಟೆ ಸುತ್ತಿದೆ. ಬಾದಾಮಿಯ ದವಾಖಾನೆಗೆ ಹೋಗಲೇಬೇಕು ಎಂದೆ. ಮರಿಗಳನ್ನು ಎಣಿಸದೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ಎಣಿಸಿದೆವು. ದೇವರ ಜಗುಲಿಯ ಕೆಳಗೆ, ಮಂಚದಡಿ, ನನ್ನ ಟ್ರಂಕಿನ ಹಿಂದೆ. ಇಪ್ಪತ್ತೇಳು. ಒಂದು ನನ್ನ ಚೀಲದ ಹಿಡಿಕೆ ಜಗಿಯುತ್ತಿತ್ತು. ಕಲ್ಲಪ್ಪ ಸೊಂಟದ ಚೀಲದಿಂದ ಬೀರಪ್ಪನ ಭಂಡಾರ ತೆಗೆದು, ಒಂದೊಂದರ ಹಣೆಗೂ ಹಚ್ಚಿದ. ನನ್ನ ನೆಲವೆಲ್ಲ ಅರಿಸಿನ, ಹಿಕ್ಕೆ, ಬೂದಿ.

"ಅವತ್ತು ಬೇಲಿಯ ಹತ್ತಿರ ನೀನು ಯಾಕೆ ಜೋರು ಮಾಡಿ ಹೇಳಲಿಲ್ಲ ಕಲ್ಲಪ್ಪ?" ಎಂದು ಕೇಳಿದೆ.

"ನಮ್ಮವ್ವನ ಕಾಲು ಉಳಿಸೀರಿ. ನಿಮಗ ಜೋರ ಮಾಡಾಕ ಬಾಯಿ ಹೆಂಗ ಬರತೈತ್ರಿ?" ಎಂದ.

ವಾರ್ಡಿನಲ್ಲಿ ನನಗೆ ಎದುರಾಡದ ಕಿರಿಯ ನರ್ಸುಗಳನ್ನು ನಾನು ಶಿಸ್ತಿನವರು ಎಂದು ಮೆಚ್ಚುತ್ತಿದ್ದೆ. ಅವರು ಹೇಳದೆ ನುಂಗಿದ್ದು ಏನೇನಿತ್ತೋ ಎಂದು ಆ ಸಂಜೆ ಮೊದಲ ಸಲ ಯೋಚನೆ ಬಂತು.

"ನಾಳೆಯಿಂದ ಕುರಿ ಬರಲಿ," ಎಂದೆ.

"ನಾಳಿಗೆ ಬಂದು ಬೂದಿ ತಿಂತಾವೇನ್ರಿ?" ಎಂದು ನಕ್ಕ. ನಗು ಅವನ ಮುಖದಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ದವಾಖಾನೆಗೆ ಹೋದ.

ಆರು ಗಂಟೆಗೆ ಮಂಡ್ಯದಿಂದ ತಂಗಿಯ ಮಗಳು ಫೋನು ಮಾಡಿದಳು. ಯಾರೋ ಕಳಿಸಿದ ವಿಡಿಯೊ ನೋಡಿದ್ದಳಂತೆ. "ದೊಡ್ಡಮ್ಮ, ಆ ಬೆಂಕಿ ಒಳ್ಗೆ ಏನ್ ಮಾಡ್ತಿದ್ದೀರ? ನಾಳೆನೇ ಬಸ್ ಹತ್ತಿ ಬಂದ್ಬುಡಿ. ಮೇಲಿನ ರೂಮು ಖಾಲಿ ಐತೆ." ಅವಳ ದನಿಯ ಹಿಂದೆ ನಾಲೆಯ ನೀರು ಕೇಳಿಸಿದ ಹಾಗಾಯಿತು, ಅವಳ ಮನೆ ನಾಲೆಯಿಂದ ದೂರವಿದ್ದರೂ. "ನೋಡ್ತೀನಿ ಕಣವ್ವ," ಎಂದೆ.

ಸುಳ್ಳು ಹೇಳಿರಲಿಲ್ಲ. ನಾನು ಹೆದರಿದ್ದೇನೆ. ಇದನ್ನು ಬರೆಯುವಾಗಲೂ ಕಿಟಕಿ ಮುಚ್ಚಿದ್ದೇನೆ. ಗುಡ್ಡದ ಇನ್ನೊಂದು ಮೈಯಲ್ಲಿ ಕರಡ ಹಾಗೆಯೇ ಇದೆ, ಬೇಸಿಗೆ ಇನ್ನೂ ಎರಡು ತಿಂಗಳಿದೆ. ಮಂಡ್ಯದ ಆ ಕೋಣೆಯಲ್ಲಿ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಬಲ್ಲೆ. ಆದರೆ ಅಲ್ಲಿ ನನ್ನ "ಹೂಂ"ಗೆ ಯಾರೂ ಕಾಯುವುದಿಲ್ಲ. ಇಲ್ಲಿ ಕಾದರು, ಕಾದದ್ದಕ್ಕೇ ಒಂದು ಕೈ ಸುಟ್ಟಿತು. ಯಾವ ಊರಿನವಳು ಎಂದು ಯಾರಾದರೂ ಕೇಳಿದರೆ ಈಗ ಉತ್ತರಿಸುವ ಮೊದಲು ಸ್ವಲ್ಪ ತಡೆಯುತ್ತೇನೆ.

ಫೋನಿನ ಮಾತು ನೀಲವ್ವನಿಗೆ ಕೇಳಿಸಿತ್ತು. ತುಳಿದುಹೋದ ಸಂಡಿಗೆಯಲ್ಲಿ ಉಳಿದದ್ದನ್ನು ಆರಿಸುತ್ತ, ತಲೆಯೆತ್ತದೆ ಹೇಳಿದಳು: "ಹೋಗೂದಿದ್ರ ಹೋಗ್ರಿ ವೈನಿ, ನಾ ಹಿಡಿಯೂದಿಲ್ಲ. ಖರೆ, ಆ ತಂತಿ ಬಿಚ್ಚಿ ಹೋಗ್ರಿ. ಬರೋ ವರ್ಷ ಕುರಿ ಬರಬೇಕು."

ಸಂಜೆಯ ಲಿಂಗಪೂಜೆ ಅರ್ಧ ಗಂಟೆ ತಡವಾಗಿತ್ತು. ಅದನ್ನು ಮುಗಿಸಿ, ಇಕ್ಕಳ ತೆಗೆದುಕೊಂಡು ಹಿತ್ತಲಿಗೆ ಹೋದೆ. ಗುಡ್ಡದ ಕಡೆಯ ಮುಳ್ಳು ಬೂದಿಯಾಗಿತ್ತು, ಬಲಗಡೆಯ ಕಂಬಗಳು ಸುಟ್ಟು ಬಿದ್ದಿದ್ದವು. ಯಲ್ಲವ್ವನ ಕಡೆಯ ತಂತಿ ಮಾತ್ರ ನಿಂತಿತ್ತು, ಮುಟ್ಟಿದರೆ ಇನ್ನೂ ಬೆಚ್ಚಗೆ. ಬಿಗಿಯಾಗಿ ಕಟ್ಟಿಸಿದ್ದು ನಾನೇ, ಗಂಟುಗಳು ಸುಲಭವಾಗಿ ಬಿಡಲಿಲ್ಲ. ಹನ್ನೊಂದು ಕಂಬ, ಮೂರು ಸಾಲು. ಒಳಗೆ ಮರಿಗಳು ತಾಯಂದಿರಿಗಾಗಿ ಕೂಗುತ್ತಿದ್ದವು. ಹೊಳೆಯ ಕಡೆಯಿಂದ ಹಿಂಡು ಬರುವ ಸದ್ದು ಕೇಳಿತು. ತಾಯಿಕುರಿಗಳು ದೊಡ್ಡಿಯ ಕಡೆ ತಿರುಗಿದವು, ಅಲ್ಲಿ ಏನೂ ಕಾಣದೆ ನಿಂತವು, ಆಮೇಲೆ ಕೂಗು ಬಂದ ದಿಕ್ಕಿಗೆ, ತಂತಿ ಬಿಚ್ಚಿದ್ದ ಜಾಗವನ್ನು ದಾಟಿಕೊಂಡು ನನ್ನ ಬಾಗಿಲಿಗೆ ಬಂದವು.

ಕೊನೆಯ ಗಂಟು ಬಿಚ್ಚಿದೆ. ತಂತಿಯನ್ನು ಸುತ್ತಿ ಮೊಳೆಗೆ ತೂಗುಹಾಕಿದೆ. ಏಳು ಗಂಟೆ ಇಪ್ಪತ್ತು ನಿಮಿಷ.